ಛೀಮಾರಿಯ ಸುದ್ದಿ

ನಮ್ಮ ಪತ್ರಿಕೆಗಳಲ್ಲಿ ಬರುವ ಕೋರ್ಟು ಸುದ್ದಿಗಳ ತಲೆಬರಹಗಳನ್ನು ಒಂದು ವಾರ ಕತ್ತರಿಸಿ ಇಟ್ಟುಕೊಂಡು ನೋಡಿ. ನಮ್ಮ ನ್ಯಾಯಾಧೀಶರು ಬೆಳಗಿನಿಂದ ಸಂಜೆಯವರೆಗೆ ಮಾಡುವುದು ಒಂದೇ ಕೆಲಸ, ಬೈಯುವುದು, ಎಂಬ ಭಾವನೆ ಬರುತ್ತದೆ. ಹೈಕೋರ್ಟು ಚಾಟಿ ಬೀಸುತ್ತದೆ, ತರಾಟೆಗೆ ತೆಗೆದುಕೊಳ್ಳುತ್ತದೆ, ಕಿವಿ ಹಿಂಡುತ್ತದೆ, ಛೀಮಾರಿ ಹಾಕುತ್ತದೆ. ಟೀವಿಯವರ ಬಾಯಲ್ಲಾದರೆ ಕಪಾಳಮೋಕ್ಷವನ್ನೂ ಮಾಡುತ್ತದೆ. ಇಷ್ಟೆಲ್ಲ ಏಟು ತಿಂದ ಸರ್ಕಾರವೋ ಪಾಲಿಕೆಯೋ ಮರುದಿನ ಏನು ಮಾಡಿತು, ಅಸಲಿಗೆ ಆ ದಿನದ ಆದೇಶದಲ್ಲಿ ಏನಿತ್ತು ಎಂಬುದು ಸುದ್ದಿಯನ್ನು ಕೊನೆಯ ಸಾಲಿನವರೆಗೆ ಓದಿದರೂ ತಿಳಿಯುವುದಿಲ್ಲ. ಎಷ್ಟೋ ಸಲ ಆದೇಶ ಇಷ್ಟೇ ಇರುತ್ತದೆ: ಆಕ್ಷೇಪಣೆ ಸಲ್ಲಿಸಲು ಸರ್ಕಾರಕ್ಕೆ ಎರಡು ವಾರ ಸಮಯ ಕೊಡಲಾಗಿದೆ.

ಬೈದದ್ದು ಸುಳ್ಳು ಎಂದು ನಾನು ಹೇಳುತ್ತಿಲ್ಲ. ವಾದ ನಡೆಯುವಾಗ ನ್ಯಾಯಮೂರ್ತಿಗಳು ಮಾತಾಡುತ್ತಾರೆ. ವಕೀಲನನ್ನು ಕೆಣಕಿ ಅವನಿಂದ ಉತ್ತರ ಹೊರಡಿಸುವುದಕ್ಕಾಗಿ ತಮಗೇ ಒಪ್ಪಿಗೆಯಿಲ್ಲದ ಮಾತನ್ನೂ ಆಡುತ್ತಾರೆ. ಅದನ್ನು ವರದಿ ಮಾಡಬಾರದೆಂದೂ ಯಾರೂ ಹೇಳುವಂತಿಲ್ಲ. 2021ರ ಏಪ್ರಿಲಿನಲ್ಲಿ, ಕೊರೊನಾದ ಎರಡನೆಯ ಅಲೆಯ ಕಾಲಕ್ಕೆ, ಚುನಾವಣಾ ಆಯೋಗದ ಅಧಿಕಾರಿಗಳ ಮೇಲೆ ಕೊಲೆ ಮೊಕದ್ದಮೆಯನ್ನೇ ಹೂಡಬೇಕಾದೀತು ಎಂಬರ್ಥದ ಮಾತು ಮದ್ರಾಸ್ ಹೈಕೋರ್ಟಿನಲ್ಲಿ ಬಂತು. ಆಯೋಗ ಸುಪ್ರೀಂ ಕೋರ್ಟಿಗೆ ಹೋಗಿ, ಇಂಥ ಬಾಯಿಮಾತುಗಳನ್ನು ವರದಿ ಮಾಡದಂತೆ ತಡೆಯಿರಿ ಎಂದು ಕೇಳಿತು. ಮೇ 6ರಂದು ಸುಪ್ರೀಂ ಕೋರ್ಟು ಎರಡು ಮಾತು ಹೇಳಿತು. ಆ ಟೀಕೆ ಕಟುವಾಯಿತು, ಆದರೆ ಅದು ಆದೇಶದ ಭಾಗವಲ್ಲವಾದ್ದರಿಂದ ಕಡತದಿಂದ ತೆಗೆದುಹಾಕುವ ಪ್ರಶ್ನೆಯೇ ಇಲ್ಲ ಎಂಬುದು ಒಂದು. ತೆರೆದ ನ್ಯಾಯಾಲಯದಲ್ಲಿ ನಡೆದದ್ದನ್ನು ವರದಿ ಮಾಡುವ ಹಕ್ಕು ಪತ್ರಿಕೆಗಳಿಗೆ ಇದೆ ಎಂಬುದು ಇನ್ನೊಂದು. ಎರಡನೆಯ ಮಾತು ಎಲ್ಲ ಪತ್ರಿಕೆಗಳಲ್ಲೂ ದಪ್ಪಕ್ಷರದಲ್ಲಿ ಬಂತು. ಮೊದಲನೆಯದರಲ್ಲಿದ್ದ ಪಾಠವನ್ನು, ಅಂದರೆ ಆಡಿದ ಮಾತು ಬೇರೆ, ಬರೆದ ಆದೇಶ ಬೇರೆ ಎಂಬುದನ್ನು, ಯಾವ ಸುದ್ದಿಮನೆಯೂ ಕಲಿತಂತೆ ಕಾಣಲಿಲ್ಲ.

ನಾನು ವಕೀಲನಲ್ಲ. ಜಿಲ್ಲಾ ಪತ್ರಿಕೆಯೊಂದಕ್ಕೆ ಕೆಲವು ವರ್ಷ ಕೋರ್ಟು ಸುದ್ದಿ ಬರೆದವನು. ಆಗ ಸುದ್ದಿ ಸಿಗುತ್ತಿದ್ದುದು ಕಾಲಿಗೆ, ಕಣ್ಣಿಗಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ಹೋಗಿ ಜವಾನ ಹೆಸರು ಕೂಗುವುದನ್ನು ಕೇಳುತ್ತಾ ಹಿಂದಿನ ಬೆಂಚಿನಲ್ಲಿ ಕೂತಿರಬೇಕು. ಬೆಂಚ್ ಕ್ಲರ್ಕಿನ ಮರ್ಜಿ ಕಾಯಬೇಕು. ಶಿರಸ್ತೇದಾರರಿಗೆ ನಮಸ್ಕಾರ ಹೇಳಬೇಕು. ತೀರ್ಪಿನ ನಕಲು ವಕೀಲರ ಗುಮಾಸ್ತನ ಹತ್ತಿರ ಇದೆ ಎಂದು ತಿಳಿದರೆ ಅವನಿಗೊಂದು ಚಹಾ ಕುಡಿಸಿ, ಅಲ್ಲೇ ಜಗಲಿಯ ಮೇಲೆ ಕೂತು ಓದಿ ಬರೆದುಕೊಳ್ಳಬೇಕು. ಹಳೆಯದೆಲ್ಲ ಚಿನ್ನ ಎಂದು ಹೇಳುವ ವಯಸ್ಸು ನನ್ನದಾದರೂ ಆ ಚಟ ನನಗಿಲ್ಲ. ಆ ಪದ್ಧತಿಯಲ್ಲಿ ದೊಡ್ಡ ವಕೀಲರು ಹೇಳಿದ್ದೇ ಸುದ್ದಿಯಾಗುತ್ತಿತ್ತು, ಬಡ ಕಕ್ಷಿದಾರನ ಮಾತು ಕಾಗದಕ್ಕೆ ಬರುತ್ತಲೇ ಇರಲಿಲ್ಲ. ಆದರೆ ಬರೆಯುವವನು ತೀರ್ಪಿನ ಕೊನೆಯ ಪುಟವನ್ನಾದರೂ ಓದಿರುತ್ತಿದ್ದ.

ಈಗ ಕೊನೆಯ ಪುಟವೇನು, ಇಡೀ ತೀರ್ಪೇ ಮನೆಯಲ್ಲಿ ಕೂತವನಿಗೂ ಸಿಗುತ್ತದೆ. ಓದುವುದು ಮಾತ್ರ ಕಡಿಮೆಯಾಗಿದೆ. ಇದಕ್ಕೆ ಸಾಕ್ಷಿ ನಮ್ಮ ಶಬ್ದಗಳು. ‘ತಡೆಯಾಜ್ಞೆ’ ಎಂಬ ಒಂದೇ ಶಬ್ದವನ್ನು ಎರಡು ಬೇರೆ ವಿಷಯಗಳಿಗೆ ಬಳಸುತ್ತೇವೆ: ಕೆಳಗಿನ ಕೋರ್ಟಿನ ಆದೇಶ ಜಾರಿಯಾಗದಂತೆ ಮೇಲಿನ ಕೋರ್ಟು ನಿಲ್ಲಿಸುವುದಕ್ಕೂ ಅದೇ, ಗೋಡೆ ಕಟ್ಟಬೇಡ ಎಂದು ನೆರೆಮನೆಯವನಿಗೆ ಸಿವಿಲ್ ಕೋರ್ಟು ಹೇಳುವುದಕ್ಕೂ ಅದೇ. ಎರಡನೆಯದಕ್ಕೆ ಪ್ರತಿಬಂಧಕಾಜ್ಞೆ ಎಂಬ ಬೇರೆ ಶಬ್ದವೇ ಇದೆ, ಕೇಳುವವರಿಲ್ಲ. ಜಾಮೀನು ಸಿಕ್ಕರೆ ‘ಬಿಗ್ ರಿಲೀಫ್’, ಸಿಗದಿದ್ದರೆ ‘ಬಿಗ್ ಶಾಕ್’. ಪೊಲೀಸರು ಸಲ್ಲಿಸುವ ಆರೋಪಗಳ ಪಟ್ಟಿಗೆ ನಾವು ಇಟ್ಟ ಹೆಸರು ‘ದೋಷಾರೋಪ ಪಟ್ಟಿ’. ಅದರಲ್ಲಿ ಆರೋಪ ಎಂಬ ಅರ್ಧ ಓದುಗನ ಕಿವಿಯಿಂದ ಜಾರಿ ದೋಷ ಎಂಬ ಅರ್ಧ ಮಾತ್ರ ಉಳಿದುಬಿಡುತ್ತದೆ.

ಇನ್ನೊಂದು ತಪ್ಪು ಇದಕ್ಕಿಂತ ಸೂಕ್ಷ್ಮ, ಇದಕ್ಕಿಂತ ಹಾನಿಕರ. ಹೈಕೋರ್ಟಿನ ತೀರ್ಪಿನ ಮೇಲೆ ಮೇಲ್ಮನವಿ ಸಲ್ಲಿಸಲು ವಿಶೇಷ ಅನುಮತಿ ಕೋರಿದ ಅರ್ಜಿಯನ್ನು ಸುಪ್ರೀಂ ಕೋರ್ಟು ಒಂದು ಸಾಲಿನಲ್ಲಿ ವಜಾ ಮಾಡುತ್ತದೆ. ಮರುದಿನ ಎಲ್ಲ ಕಡೆ ‘ಹೈಕೋರ್ಟ್ ತೀರ್ಪು ಎತ್ತಿಹಿಡಿದ ಸುಪ್ರೀಂ’ ಎಂದು ಬರುತ್ತದೆ. ಕಾರಣ ಕೊಡದೆ ಅರ್ಜಿ ವಜಾ ಮಾಡಿದರೆ ಕೆಳಗಿನ ತೀರ್ಪನ್ನು ಒಪ್ಪಿದಂತಲ್ಲ, ಮೇಲ್ಮನವಿ ಕೇಳುವುದಿಲ್ಲ ಎಂದಷ್ಟೇ ಅದರ ಅರ್ಥ ಎಂದು ಅದೇ ಕೋರ್ಟು 2000ದಲ್ಲಿ ಕುಞ್ಞಹಮ್ಮದ್ ಪ್ರಕರಣದಲ್ಲಿ ವಿವರವಾಗಿ ಹೇಳಿದೆ. ಎರಡು ದಶಕ ಕಳೆದರೂ ನಾವು ಎತ್ತಿಹಿಡಿಯುತ್ತಲೇ ಇದ್ದೇವೆ. ಭೂಮಿ ಕಳೆದುಕೊಂಡ ರೈತನೊಬ್ಬ ಈ ತಲೆಬರಹ ನೋಡಿ, ದೆಹಲಿಯವರೇ ಹೇಳಿದ ಮೇಲೆ ಮುಗಿಯಿತು ಎಂದು ಪುನರ್ವಿಮರ್ಶೆಯ ದಾರಿಯನ್ನೂ ವಿಚಾರಿಸದೆ ಸುಮ್ಮನಾದರೆ ಆ ನಷ್ಟಕ್ಕೆ ಹೊಣೆ ಯಾರು?

ಕನ್ನಡದಲ್ಲಿ ಕೋರ್ಟಿನ ವಿಷಯ ಬರೆಯುವುದೇ ಕಷ್ಟ ಎಂಬ ಸಬೂಬನ್ನು ನಾನು ಒಪ್ಪುವುದಿಲ್ಲ. ಸಿ.ಎಚ್. ಹನುಮಂತರಾಯರ ‘ವಕೀಲರೊಬ್ಬರ ವಗೈರೆಗಳು’ ಓದಿದವರಿಗೆ ಆ ಸಬೂಬು ನಿಲ್ಲುವುದಿಲ್ಲ ಎಂದು ಗೊತ್ತು. ಪಾಟಿ ಸವಾಲು, ಸಾಕ್ಷಿ, ಜಾಮೀನು, ಮಹಜರು, ಪಂಚರು, ಇವೆಲ್ಲ ನಮ್ಮ ಹಳ್ಳಿಯ ಕಟ್ಟೆಗಳ ಮೇಲೆ ಓಡಾಡುವ ಶಬ್ದಗಳು. ‘ಗೆದ್ದವ ಸೋತ, ಸೋತವ ಸತ್ತ’ ಎಂಬಷ್ಟು ಕೋರ್ಟನ್ನು ಬಲ್ಲ ಜನಕ್ಕೆ ಆದೇಶವನ್ನು ಆದೇಶವೆಂದೇ ಹೇಳಿದರೆ ಅರ್ಥವಾಗುತ್ತದೆ.

ಇಂಗ್ಲಿಷಿನಲ್ಲಿ ಪರಿಸ್ಥಿತಿ ಬೇರೆಯಾಗಿದೆ. ಬಾರ್ ಅಂಡ್ ಬೆಂಚ್, ಲೈವ್ ಲಾ ಮುಂತಾದ ಜಾಲತಾಣಗಳು ಬಂದ ಮೇಲೆ ಯಾವ ಪೀಠ, ಯಾವ ಪ್ರಕರಣ, ಯಾರ ಪರ ಯಾರು ವಾದಿಸಿದರು ಎಂಬುದೆಲ್ಲ ಗಂಟೆಯೊಳಗೆ ಆದೇಶದ ಪ್ರತಿಯೊಡನೆ ಸಿಗುತ್ತದೆ. ಇದು ದೊಡ್ಡ ಉಪಕಾರ. ಆದರೆ ಅವು ಮುಖ್ಯವಾಗಿ ವಕೀಲರು ವಕೀಲರಿಗಾಗಿ ನಡೆಸುವ ಪತ್ರಿಕೆಗಳು, ಮತ್ತು ಅವುಗಳ ದೃಷ್ಟಿ ಸುಪ್ರೀಂ ಕೋರ್ಟು, ಹೈಕೋರ್ಟುಗಳ ಮೇಲೆ. ನಮ್ಮ ಸುದ್ದಿಮನೆಗಳು ಈಗ ಮಾಡುವುದು ಅಲ್ಲಿಯದನ್ನು ಇಲ್ಲಿಗೆ ಇಳಿಸುವ ಕೆಲಸ. ಇಳಿಸುವಾಗ ‘ಮೇಲ್ನೋಟಕ್ಕೆ’ ಎಂಬ ಶಬ್ದ ಸಾಮಾನ್ಯವಾಗಿ ದಾರಿಯಲ್ಲೇ ಬಿದ್ದುಹೋಗುತ್ತದೆ. 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ತನ್ನ ಮಾನ್ಯತೆ ಪಡೆಯುವ ವರದಿಗಾರರಿಗೆ ಕಾನೂನು ಪದವಿ ಕಡ್ಡಾಯ ಎಂಬ ನಿಯಮ ಸಡಿಲಿಸಿತು. ಒಳ್ಳೆಯದೇ. ಪದವಿಯಿಂದ ವರದಿಗಾರ ಹುಟ್ಟುವುದಿಲ್ಲ, ಕೂತು ಕೇಳುವುದರಿಂದ ಹುಟ್ಟುತ್ತಾನೆ.

ಕೂತು ಕೇಳುವುದಕ್ಕೆ ಈಗ ಕೋರ್ಟಿಗೇ ಹೋಗಬೇಕೆಂದಿಲ್ಲ. ಕಲಾಪದ ನೇರ ಪ್ರಸಾರಕ್ಕೆ ಸುಪ್ರೀಂ ಕೋರ್ಟು 2018ರಲ್ಲಿ ತಾತ್ವಿಕವಾಗಿ ಒಪ್ಪಿತು. ನಮ್ಮ ಹೈಕೋರ್ಟು 2021ರಲ್ಲಿ ಪ್ರಯೋಗ ಮಾಡಿ, 2022ರ ಜನವರಿಯಿಂದ ನಿಯಮಗಳನ್ನೇ ಜಾರಿಗೆ ತಂದಿತು. ಅದೇ ಫೆಬ್ರವರಿಯಲ್ಲಿ ಹಿಜಾಬ್ ಪ್ರಕರಣದ ವಾದವನ್ನು ಅಡುಗೆಮನೆಯಲ್ಲಿ ನಿಂತವರೂ ಕೇಳಿದರು. ಸಂವಿಧಾನದ 25ನೆಯ ವಿಧಿಯ ಮೇಲೆ ಇಷ್ಟು ಜನ ಒಟ್ಟಿಗೆ ಕಿವಿಗೊಟ್ಟದ್ದನ್ನು ನಾನು ಬೇರೆಂದೂ ಕಂಡಿಲ್ಲ. ಆದರೆ ಗಂಟೆಗಟ್ಟಲೆ ಪ್ರಸಾರದಿಂದ ನಲವತ್ತು ಸೆಕೆಂಡು ಕತ್ತರಿಸಿ, ಹಿಂದೆ ಸಿನಿಮಾ ಸಂಗೀತ ಹಾಕಿ ಹಂಚುವವರೂ ಹುಟ್ಟಿಕೊಂಡರು. 2024ರ ಸೆಪ್ಟೆಂಬರಿನಲ್ಲಿ ನಮ್ಮ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರು ಆಡಿದ ಮಾತಿನ ತುಣುಕುಗಳು ದೇಶವೆಲ್ಲ ಸುತ್ತಿದವು. ಸುಪ್ರೀಂ ಕೋರ್ಟಿನ ಐವರ ಪೀಠ ತಾನಾಗಿ ವಿಷಯ ಕೈಗೆತ್ತಿಕೊಂಡಿತು. ನ್ಯಾಯಮೂರ್ತಿಗಳು ತೆರೆದ ಕೋರ್ಟಿನಲ್ಲಿ ವಿಷಾದ ವ್ಯಕ್ತಪಡಿಸಿದ ಮೇಲೆ ಅದು ಮುಗಿಯಿತು. ಆ ಬೆನ್ನಿಗೇ ಹೈಕೋರ್ಟು ಇಂಥ ತುಣುಕುಗಳ ಬಳಕೆಗೆ ಮಧ್ಯಂತರ ನಿರ್ಬಂಧ ಹಾಕಿತು.

ನನ್ನ ಅಭಿಪ್ರಾಯ ಕೇಳಿದರೆ, ಆ ತುಣುಕು ಹೊರಗೆ ಬಂದದ್ದು ಒಳ್ಳೆಯದೇ ಆಯಿತು. ಅಂಥ ಮಾತು ಕೋರ್ಟಿನಲ್ಲಿ ಮೊದಲ ಸಲ ಬಂದದ್ದಲ್ಲ. ಮೊದಲ ಸಲ ಹೊರಗಿನವರ ಕಿವಿಗೆ ಬಿತ್ತು, ಅಷ್ಟೆ. ಹಿಂದಿನ ಬೆಂಚಿನಲ್ಲಿ ಕೂತಿದ್ದ ನಮ್ಮಂಥವರು ಇದಕ್ಕಿಂತ ಕೆಟ್ಟದ್ದನ್ನು ಕೇಳಿದ್ದೇವೆ. ಬರೆಯಲು ಹೋದರೆ ಸಂಪಾದಕರಿಗೆ ನ್ಯಾಯಾಂಗ ನಿಂದನೆಯ ಭಯ. ನಿಂದನೆಯ ಮೊಕದ್ದಮೆಯಲ್ಲಿ ಸತ್ಯವನ್ನೇ ಸಮರ್ಥನೆಯಾಗಿ ಹೇಳಿಕೊಳ್ಳಲು ಕಾಯಿದೆಯಲ್ಲಿ ದಾರಿಯಾದದ್ದು 2006ರ ತಿದ್ದುಪಡಿಯಿಂದ, ಅದೂ ಸಾರ್ವಜನಿಕ ಹಿತ ಮತ್ತು ಪ್ರಾಮಾಣಿಕತೆ ಕೋರ್ಟಿಗೆ ಒಪ್ಪಿಗೆಯಾದರೆ ಮಾತ್ರ.

ವರದಿಗೆ ಕಡಿವಾಣ ಹಾಕುವುದು ಹೊಸದೇನಲ್ಲ. ‘ಬ್ಲಿಟ್ಜ್’ ಸಂಪಾದಕ ಕರಂಜಿಯಾ ಮೇಲಿನ ಮಾನನಷ್ಟ ದಾವೆಯಲ್ಲಿ ಸಾಕ್ಷಿ ಹೇಳಲು ಬಂದ ವ್ಯಾಪಾರಿಯೊಬ್ಬ, ನನ್ನ ಹೇಳಿಕೆ ಪತ್ರಿಕೆಯಲ್ಲಿ ಬಂದರೆ ವ್ಯಾಪಾರಕ್ಕೆ ಪೆಟ್ಟು ಎಂದ. ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿ ತಾರ್ಕುಂಡೆ ಅದನ್ನು ಪ್ರಕಟಿಸಬೇಡಿ ಎಂದು ಬಾಯಿಮಾತಿನಲ್ಲೇ ಆದೇಶಿಸಿದರು. ವರದಿಗಾರ ಮಿರಜ್ಕರ್ ಮತ್ತಿತರರು ಸುಪ್ರೀಂ ಕೋರ್ಟಿಗೆ ಹೋದರು. 1966ರಲ್ಲಿ ಒಂಬತ್ತು ಮಂದಿಯ ಪೀಠದಲ್ಲಿ ಪತ್ರಕರ್ತರ ಪರ ನಿಂತವರು ಹಿದಾಯತುಲ್ಲಾ ಒಬ್ಬರೇ. 2012ರ ಸಹಾರಾ ತೀರ್ಪಿನಲ್ಲಿ, ವಿಚಾರಣೆಗೆ ನಿಜವಾದ ಅಪಾಯವಿದ್ದರೆ ವರದಿಯನ್ನು ಕೆಲಕಾಲ ಮುಂದೂಡಬಹುದು ಎಂಬ ತತ್ವ ಬಂತು. ಅದು ಅಪರೂಪಕ್ಕೆಂದು ಇಟ್ಟ ಮದ್ದು. ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲಿ ಅದು ದಿನಸಿ ಸಾಮಾನಿನಂತೆ ಆಗಿಬಿಟ್ಟಿತು. 2021ರ ಮಾರ್ಚಿನಲ್ಲಿ ರಾಜ್ಯದ ಆರು ಮಂದಿ ಸಚಿವರು ಅರವತ್ತಕ್ಕೂ ಹೆಚ್ಚು ಮಾಧ್ಯಮ ಸಂಸ್ಥೆಗಳ ವಿರುದ್ಧ ಒಟ್ಟಿಗೆ ಪ್ರತಿಬಂಧಕಾಜ್ಞೆ ತಂದರು. ಎದುರು ಪಕ್ಷವನ್ನು ಕೇಳದೆ ಇಂಥ ಆದೇಶ ಕೊಡುವುದು ಅಪವಾದವಾಗಿರಬೇಕು ಎಂದು ಬ್ಲೂಮ್‌ಬರ್ಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು 2024ರ ಮಾರ್ಚಿನಲ್ಲಿ. ಮರುವರ್ಷದ ಜುಲೈನಲ್ಲಿ ಧರ್ಮಸ್ಥಳದ ವಿಷಯದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಜಾಲತಾಣದ ಕೊಂಡಿಗಳನ್ನು ತೆಗೆಸುವ ಆದೇಶವಾಯಿತು. ಯೂಟ್ಯೂಬ್ ಚಾನೆಲೊಂದು ಅರ್ಜಿ ಹಾಕಿ, ಆಗಸ್ಟ್ 1ರಂದು ಹೈಕೋರ್ಟು ಅದನ್ನು ರದ್ದುಮಾಡಿ ಮತ್ತೆ ಪರಿಶೀಲಿಸುವಂತೆ ಕೆಳಗೆ ಕಳುಹಿಸಿತು. ಗಮನಿಸಿ, ಹೋರಾಡಿದ್ದು ಒಂದು ಸಣ್ಣ ಚಾನೆಲು. ದೊಡ್ಡ ಪತ್ರಿಕೆಗಳು ಇಂಥ ಆದೇಶಗಳ ಮುಂದೆ ಸುಮ್ಮನಿರುವುದು ರೂಢಿಯಾಗಿದೆ.

ಹಾಗೆಂದು ನಮ್ಮ ಮಾಧ್ಯಮಗಳು ನಿರ್ಬಂಧವನ್ನು ತಾವಾಗಿ ಕರೆದು ತರುವುದೂ ಉಂಟು. ನಟ ದರ್ಶನ್ 2024ರಲ್ಲಿ ಬಂಧಿತರಾದ ಕೊಲೆ ಪ್ರಕರಣದಲ್ಲಿ ಆ ಸೆಪ್ಟೆಂಬರಿನಲ್ಲಿ ಹೈಕೋರ್ಟು, ಪೊಲೀಸರ ಆರೋಪಪಟ್ಟಿಯಲ್ಲಿರುವುದನ್ನು ಪ್ರಸಾರ ಮಾಡಬೇಡಿ ಎಂದು ಹೇಳಬೇಕಾಯಿತು. ಸಾಕ್ಷಿಗಳು ಕೋರ್ಟಿಗೆ ಬರುವ ಮೊದಲೇ ಸ್ಟುಡಿಯೋದಲ್ಲಿ ಅವರ ಹೇಳಿಕೆಗಳ ಪಾರಾಯಣ ನಡೆದಿತ್ತು. ಡಿಸೆಂಬರಿನಲ್ಲಿ ಹೈಕೋರ್ಟು ಜಾಮೀನು ಕೊಟ್ಟಿತು, 2025ರ ಆಗಸ್ಟ್ 14ರಂದು ಸುಪ್ರೀಂ ಕೋರ್ಟು ಅದನ್ನು ರದ್ದುಮಾಡಿತು. ಜಾಮೀನಿನ ಹಂತದಲ್ಲಿ ಸಾಕ್ಷ್ಯವನ್ನು ತೂಗಬಾರದು ಎಂಬ ಅದರ ಮುಖ್ಯ ಮಾತು ಸಾವಿರಾರು ಸಾಮಾನ್ಯ ಕೈದಿಗಳಿಗೂ ಸಂಬಂಧಿಸಿದ್ದು. ನಾನು ಅಂದು ಸಂಜೆ ನೋಡಿದ ವಾಹಿನಿಯಲ್ಲಿ ಚರ್ಚೆ ನಡೆದದ್ದು ಜೈಲಿನ ಊಟದ ಮೇಲೆ.

ಎಳೆಯ ಹುಡುಗಿಯರ ವಿಷಯದಲ್ಲಂತೂ ಈ ಹಗುರತನಕ್ಕೆ ಕ್ಷಮೆಯಿಲ್ಲ. ಪೋಕ್ಸೋ ಕಾಯಿದೆಯ 23ನೆಯ ಕಲಮು, ನೊಂದ ಮಗುವಿನ ಹೆಸರು, ಶಾಲೆ, ನೆರೆಹೊರೆ ಯಾವುದನ್ನೂ ಪ್ರಕಟಿಸಬಾರದು ಎನ್ನುತ್ತದೆ. ಉತ್ತರ ಕನ್ನಡದ ಪತ್ರಿಕೆಯೊಂದರ ಸಂಪಾದಕರ ಮೇಲೆ ಈ ಕಲಮಿನಡಿ ಹೂಡಿದ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಪೊಲೀಸರು ತನಿಖೆಗೆ ಮ್ಯಾಜಿಸ್ಟ್ರೇಟರ ಅನುಮತಿ ಪಡೆಯಬೇಕೇ ಎಂಬ ಪ್ರಶ್ನೆಯ ಮೇಲೆ 2022ರ ಮಾರ್ಚಿನಲ್ಲಿ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಹೆಸರು ಬಿಟ್ಟು, ಊರು, ತಂದೆಯ ಕಸುಬು, ಓದುವ ತರಗತಿ ಮೂರನ್ನೂ ಹಾಕುವ ಸುದ್ದಿಗಳನ್ನು ಈಗಲೂ ಓದುತ್ತೇನೆ. ಐನೂರು ಮನೆಯ ಊರಿನಲ್ಲಿ ಇನ್ನೇನು ಬೇಕು?

ಎಲ್ಲಕ್ಕಿಂತ ಹೆಚ್ಚು ಬರಿದಾಗಿರುವುದು ತಾಲೂಕು, ಜಿಲ್ಲಾ ಕೋರ್ಟುಗಳ ಹಿಂದಿನ ಬೆಂಚು. ಜನರ ಹೆಚ್ಚಿನ ವ್ಯಾಜ್ಯಗಳು ಹುಟ್ಟುವುದೂ, ಬಹುಪಾಲು ಮುಗಿಯುವುದೂ ಅಲ್ಲೇ. ಅಲ್ಲಿಂದ ಈಗ ಸುದ್ದಿ ಬರುವುದು ಎರಡೇ ಸಂದರ್ಭದಲ್ಲಿ: ಬಂಧಿತನನ್ನು ಹಾಜರುಪಡಿಸಿದಾಗ, ಶಿಕ್ಷೆಯಾದಾಗ. ಬಂಧನದ ಸುದ್ದಿ ಪೊಲೀಸರಿಂದ ಫೋಟೋ ಸಮೇತ ಬರುತ್ತದೆ. ಶಿಕ್ಷೆಯ ಸುದ್ದಿ ಸರ್ಕಾರಿ ಅಭಿಯೋಜಕರ ಪ್ರಕಟಣೆಯಾಗಿ ಬರುತ್ತದೆ. ಖುಲಾಸೆಯಾದರೆ ಪ್ರಕಟಣೆ ಕಳಿಸುವವರು ಯಾರೂ ಇಲ್ಲ. ನನಗೆ ಪರಿಚಯದ ಸಹಕಾರಿ ಸಂಘದ ಕಾರ್ಯದರ್ಶಿಯೊಬ್ಬರು ಹಣ ದುರುಪಯೋಗದ ಆರೋಪದಲ್ಲಿ ಬಂಧಿತರಾದಾಗ ಅದು ಮೂರು ಕಾಲಮಿನ ಸುದ್ದಿ. ಒಂಬತ್ತು ವರ್ಷ ತಾರೀಖು ತಾರೀಖು ಅಲೆದು ಬಿಡುಗಡೆಯಾದ ಮೇಲೆ ದೃಢೀಕೃತ ನಕಲು ಹಿಡಿದುಕೊಂಡು ಪತ್ರಿಕೆಯ ಕಚೇರಿಗೆ ಹೋದರು. ಹಳೆಯ ವಿಷಯ ಎಂದರು ಅಲ್ಲಿಯವರು. ಕೊನೆಗೆ ದುಡ್ಡು ಕೊಟ್ಟು, ನಿವೇಶನ ಮಾರಾಟದ ಜಾಹೀರಾತುಗಳ ನಡುವೆ, ತಾನು ನಿರ್ದೋಷಿ ಎಂದು ಕೋರ್ಟು ಹೇಳಿದೆ ಎಂಬ ಆರು ಸಾಲು ಹಾಕಿಸಿದರು. ಹಳೆಯ ಮೂರು ಕಾಲಮು ಈಗ ಜಾಲದಲ್ಲಿ ಹುಡುಕಿದವರಿಗೆಲ್ಲ ಸಿಗುತ್ತದೆ. ಆರು ಸಾಲು ಸಿಗುವುದಿಲ್ಲ.

ಪ್ರತಿ ಮೊಕದ್ದಮೆಗೂ ಈಗ ಹದಿನಾರು ಅಕ್ಷರ-ಅಂಕಿಗಳ ಸಿಎನ್ಆರ್ ಸಂಖ್ಯೆ ಇದೆ. ಅದನ್ನು ಇ-ಕೋರ್ಟ್ಸ್ ತಾಣದಲ್ಲಿ ಹಾಕಿದರೆ ಮುಂದಿನ ತಾರೀಖು ಯಾವುದು, ಪ್ರಕರಣ ಯಾವ ಹಂತದಲ್ಲಿದೆ ಎಂಬುದು ಫೋನಿನಲ್ಲೇ ಕಾಣುತ್ತದೆ. ಚಹಾ ಕುಡಿಸುವ ಖರ್ಚೂ ಇಲ್ಲ. ಬಂಧನದ ಸುದ್ದಿ ಬರೆದ ದಿನವೇ ವರದಿಗಾರ ಪ್ರಕರಣದ ಸಂಖ್ಯೆಯನ್ನು ಡೈರಿಯಲ್ಲಿ ಗುರುತು ಹಾಕಿಕೊಂಡು ಆರು ತಿಂಗಳಿಗೊಮ್ಮೆ ನೋಡಬಹುದು. ಕೋರ್ಟು ಸುದ್ದಿಯ ಕೆಳಗೆ ಆ ಸಂಖ್ಯೆಯನ್ನು ಅಚ್ಚು ಮಾಡಿದರೆ ಓದುಗನೂ ನೋಡಬಹುದು. ಒಂದು ಸಾಲಿನ ಜಾಗ ಬೇಕಾಗುತ್ತದೆ. ತಲೆಬರಹದಿಂದ ಛೀಮಾರಿಯನ್ನು ತೆಗೆದರೆ ಅಷ್ಟು ಜಾಗ ಸಿಕ್ಕೀತು.