ಸಮರಕ್ರೀಡೆಯಲ್ಲಿ ಎರವಲು ಕಾಯಿಗಳ ವಿಚಾರ

ಒಂದು ಆಟಕ್ಕಾಗಿ ಮಾಡಿದ ಕಾಯಿಗಳನ್ನು ಮತ್ತೊಂದು ಸಮರಕ್ರೀಡೆಯ ರಚನೆಯಲ್ಲಿ ಬಳಸುವುದು ದೋಷವೇ ಎಂಬುದು ಇಲ್ಲಿ ವಿಚಾರಣೀಯವು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಸೀಮೆಗೆ ಪರಿಚಿತವಾದ ಹುಲಿಕುರಿಯಾಟವೂ ಸಮರಕ್ರೀಡೆಯೇ ಸರಿ: ಹುಲಿಯು ಹಾರಿ ಕುರಿಯನ್ನು ಕೊಲ್ಲುವುದು, ಕುರಿಗಳು ಕೂಡಿ ಹುಲಿಯನ್ನು ಕಟ್ಟುವುವು. ಅಲ್ಲಿ ಬೆಣಚುಕಲ್ಲು ಹುಲಿಯಾದರೂ ಹುಣಸೆಬೀಜ ಕುರಿಯಾದರೂ ಆಕ್ಷೇಪವಿಲ್ಲ. ಏಕೆಂದರೆ ಕಲ್ಲಿಗೂ ಬೀಜಕ್ಕೂ ಪೂರ್ವನಿಯಮವಿಲ್ಲ. ಚದುರಂಗದ ಕುದುರೆಯಾದರೋ ಹಾಗಲ್ಲ. ಅದು ತನ್ನ ನಡೆಯನ್ನೂ ಹೊತ್ತು ತರುವುದು.

ಕಂಠೀರವ ನರಸರಾಜ ಒಡೆಯರು (1638-1659) ಪಿರಿಯಾಪಟ್ಟಣವನ್ನು ಗೆದ್ದ ಪ್ರಸಂಗವನ್ನು ಒಬ್ಬನು ಹಲಗೆಯ ಮೇಲೆ ರಚಿಸಿ, ಆ ಕುದುರೆಯನ್ನು ರಾವುತರ ಸ್ಥಾನದಲ್ಲಿಟ್ಟನೆನ್ನೋಣ. ಚದುರಂಗದಲ್ಲಿ ನಡುವಣ ಕಾಯಿಗಳನ್ನು ದಾಟಿ ನೆಗೆಯುವ ಅದು ಕೋಟೆಗೋಡೆಯನ್ನೂ ನೆಗೆಯಬಹುದೇ? ನೆಗೆಯುವುದಾದರೆ ಮುತ್ತಿಗೆಯೇ ವ್ಯರ್ಥ; ಕರ್ತೃವು ಮೌನವಾಗಿದ್ದರೆ ಆಟಗಾರರಿಗೆ ಕಲಹವೇ ಫಲ.

ಆನಂದವರ್ಧನನು ಕಾವ್ಯಗಳ ಪರಸ್ಪರ ಸಾದೃಶ್ಯವನ್ನು ಪ್ರತಿಬಿಂಬ, ಆಲೇಖ್ಯ, ತುಲ್ಯದೇಹಿ ಎಂದು ಮೂರಾಗಿ ವಿಭಜಿಸಿ, ಕಡೆಯದನ್ನು ಮಾತ್ರ ಗ್ರಾಹ್ಯವೆಂದನು. ಅಲ್ಲಿ ದೇಹವು ಸದೃಶವಾದರೂ ಆತ್ಮವು ಬೇರೆ. ಈ ನ್ಯಾಯವೇ ಇಲ್ಲಿಯೂ ಸಲ್ಲತಕ್ಕದ್ದು. ಕಾಯಿ ಎರವಲಾಗುವುದು ದೋಷವಲ್ಲ. ನಿಯಮವೂ ಅರಿವಿಲ್ಲದೆ ಎರವಲಾಗುವುದೇ ದೋಷ. ಆದುದರಿಂದ ಪರರ ಕಾಯಿಯನ್ನು ತಂದವನು ಅದರ ನಡೆಯನ್ನು ಹೊಸದಾಗಿ ವಿಧಿಸಬೇಕು. ವಿಧಿಸದವನು ಸಂಗ್ರಾಹಕನೇ ಹೊರತು ಕ್ರೀಡಾಕರ್ತೃವಲ್ಲ.