ಸಿಮೆಂಟಿನ ಊರು, ಉಣಬಡಿಸುವ ಊರು

ಹುಬ್ಬಳ್ಳಿಯಿಂದ ಹಾವೇರಿಗೆ ಹೋಗುವ ಹೆದ್ದಾರಿಯಲ್ಲಿ ಶಿಗ್ಗಾವಿ ತಾಲೂಕಿನ ಗೊಟಗೋಡಿ ಸಿಗುತ್ತದೆ. ಅಲ್ಲಿನ ಉತ್ಸವ ರಾಕ್ ಗಾರ್ಡನ್, 2020ರಲ್ಲಿ ನಮ್ಮನ್ನಗಲಿದ ಕಲಾವಿದ ಟಿ.ಬಿ. ಸೊಲಬಕ್ಕನವರ ಅವರ ಕನಸಿನ ಕೂಸು. ಉತ್ತರ ಕರ್ನಾಟಕದ ಹಳ್ಳಿಯೊಂದು ಅಲ್ಲಿ ಸಿಮೆಂಟಿನಲ್ಲಿ ಎದ್ದು ನಿಂತಿದೆ. ಒಕ್ಕಲುತನ, ಕಸುಬು, ಮನೆಗೆಲಸ, ಮಕ್ಕಳ ಆಟ ಎಲ್ಲವೂ ಆಳೆತ್ತರದ ಮೂರ್ತಿಗಳಲ್ಲಿವೆ. ನಿಜವಾದ ಮನುಷ್ಯರೆಂದು ತಿಳಿದು ಮೂರ್ತಿಗಳಿಗೆ ದಾರಿ ಬಿಟ್ಟುಕೊಟ್ಟವರನ್ನು ನಾನು ನೋಡಿದ್ದೇನೆ.

ಈ ಕೆಲಸದ ಹೆಚ್ಚುಗಾರಿಕೆಯನ್ನು ಮೊದಲು ಒಪ್ಪಿಕೊಳ್ಳಬೇಕು. ಮೂರ್ತಿ ಮಾಡಿಸಿಕೊಳ್ಳುವ ಭಾಗ್ಯ ನಮ್ಮಲ್ಲಿ ದೇವರಿಗೆ, ಅರಸರಿಗೆ, ನಾಯಕರಿಗೆ ಮಾತ್ರ ಇತ್ತು. ಸೊಲಬಕ್ಕನವರ ಆ ಗೌರವವನ್ನು ದುಡಿಯುವ ಕೈಗಳಿಗೆ ಕೊಟ್ಟರು. ತಾವು ಬಿಟ್ಟುಬಂದ ಊರನ್ನು ಪೇಟೆಯವರು ಇಲ್ಲಿ ಮಕ್ಕಳಿಗೆ ತೋರಿಸುತ್ತಾರೆ.

ಆದರೆ ಎರಡು ಸಲ ನೋಡಿ ಬಂದ ಮೇಲೂ ನನ್ನನ್ನು ಕಾಡಿದ ಪ್ರಶ್ನೆ ಒಂದಿದೆ. ಈ ಊರಿನಲ್ಲಿ ಜಗಳವಿಲ್ಲ, ಸಾಲವಿಲ್ಲ, ಗುಳೆ ಹೋದವರಿಲ್ಲ. ಮುಖ್ಯವಾಗಿ, 'ಬರ್ರಿ, ಊಟಾ ಮಾಡ್ರಿ' ಎನ್ನುವವರಿಲ್ಲ. ಇದು ಕಲಾವಿದರ ದೋಷವಲ್ಲ, ಸಿಮೆಂಟಿನ ಮಿತಿ. ಹಳ್ಳಿಯನ್ನು ನೋಡಿದರೆ ಸಾಕು, ಅದರೊಂದಿಗೆ ಮಾತನಾಡಬೇಕಿಲ್ಲ ಎಂದು ನಾವು ತಿಳಿದರೆ ಅದು ನಮ್ಮ ದೋಷ.

ಈ ಸೀಮೆಯಲ್ಲಿ ನೋಡುವಂಥದ್ದಕ್ಕೆ ಕೊರತೆಯಿಲ್ಲ. ಹಾನಗಲ್ಲಿನಲ್ಲಿ ತಾರಕೇಶ್ವರ ಗುಡಿ, ಸವಣೂರಿನಲ್ಲಿ ಆಫ್ರಿಕಾ ಮೂಲದ ದೊಡ್ಡ ಹುಣಸೆ ಮರ, ಹಿರೇಕೆರೂರು ಸೀಮೆಯಲ್ಲಿ ಸರ್ವಜ್ಞನ ಅಬಲೂರು ಇವೆ. ಬಂದವರು ಫೋಟೊ ತೆಗೆದುಕೊಂಡು ಸಂಜೆಗೆ ಹುಬ್ಬಳ್ಳಿ ಸೇರುತ್ತಾರೆ. ಇನ್ನು ಹೋಮ್‌ಸ್ಟೇ ಎಂದರೆ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದ ಮನೆಗಳೇ ನೆನಪಾಗುತ್ತವೆ. ಅಲ್ಲಿ ಆತಿಥ್ಯಕ್ಕೆ ಮೊದಲು ಆಸ್ತಿ ಬೇಕು.

ಮಧ್ಯ ಅಮೆರಿಕದ ಬೆಲೀಜ್ ದೇಶದ ಟೊಲೆಡೊ ಜಿಲ್ಲೆಯಲ್ಲಿ ಮಾಯಾ ಜನರ ಹಳ್ಳಿಗಳು ಬೇರೊಂದು ದಾರಿ ಹಿಡಿದವು. 1990ರ ಸುಮಾರಿಗೆ ಅವರು ತಮ್ಮದೇ ಪ್ರವಾಸೋದ್ಯಮ ಸಂಘ ಕಟ್ಟಿದರು. ಅತಿಥಿ ಮಲಗುವುದು ಊರವರ ಅತಿಥಿಗೃಹದಲ್ಲಿ. ಊಟಕ್ಕೆ ಮಾತ್ರ ಪಾಳಿಯ ಪ್ರಕಾರ ಬೇರೆ ಬೇರೆ ಮನೆಗಳಿಗೆ ಹೋಗಬೇಕು. ಆದಾಯದ ಒಂದು ಪಾಲು ಊರಿನ ಕೆಲಸಕ್ಕೆ.

ಪಾಳಿ ನಮಗೆ ಹೊಸದೇ? ಹಳ್ಳಿಯ ಮಸೀದಿಯ ಪೇಶ್ ಇಮಾಮರ ಊಟ ಮನೆಮನೆಯ ಪಾಳಿಯಿಂದ ನಡೆಯುತ್ತಿದ್ದುದನ್ನು ನಾವು ಕಂಡಿದ್ದೇವೆ. ವಾರಾನ್ನ ಉಂಡು ಓದಿದ ಹುಡುಗರ ಕತೆಗಳು ಧಾರವಾಡದ ತುಂಬ ಇವೆ. ಹಮಾಲನ ಮನೆಯ ಪಾಳಿ ಬಂದ ದಿನ ಅವನ ಗುಡಿಸಲಿಗೂ ಸಾಹುಕಾರನ ಮನೆಯಷ್ಟೇ ಮರ್ಯಾದೆ.

ಆದರೆ ಇಮಾಮರ ಬುತ್ತಿ ಮುಸಲ್ಮಾನರ ಮನೆಗಳಿಂದ ಬರುತ್ತಿತ್ತು, ವಾರಾನ್ನ ಹೆಚ್ಚಾಗಿ ಸ್ವಜಾತಿಯವರ ಮನೆಗಳಲ್ಲಿತ್ತು. ನಮ್ಮ ಪಾಳಿಗೆ ಓಣಿಯ ಗಡಿಯಿತ್ತು. ನಾಳೆ ಈ ತಾಲೂಕುಗಳಲ್ಲಿ ಹಳ್ಳಿ ಪ್ರವಾಸ ಆರಂಭವಾದರೆ ಮೊದಲ ಪ್ರಶ್ನೆ ಶೌಚಾಲಯದ್ದಲ್ಲ, ಅಡುಗೆಮನೆಯದು. ದಲಿತರ ಕೇರಿಯ, ಪಿಂಜಾರರ ಓಣಿಯ ಮನೆಗೂ ಪಾಳಿ ಬರುವುದೇ? ಅಲ್ಲಿ ಉಣ್ಣಲು ಅತಿಥಿ ಒಪ್ಪುವನೇ? ಹೆಸರು ಕೇಳಿದ ಮೇಲೂ ನನ್ನಂಥವನಿಗೆ ಊರಿನ ಎಲ್ಲ ಮನೆಗಳ ಬಾಗಿಲೂ ತೆರೆದಿರುವುದೇ? ಪಾಳಿಯ ನಿಯಮ ಈ ಪ್ರಶ್ನೆಗಳನ್ನು ಮುಚ್ಚಿಡಲು ಬಿಡುವುದಿಲ್ಲ. ಮನೆ ಆರಿಸಿಕೊಳ್ಳುವ ಹಕ್ಕು ಅತಿಥಿಗೂ ಇಲ್ಲ, ಗೌಡರಿಗೂ ಇಲ್ಲ.

ಶಿಶುನಾಳವೂ ಇದೇ ಶಿಗ್ಗಾವಿ ತಾಲೂಕಿನಲ್ಲಿದೆ. ಶರೀಫರನ್ನು ಶಿಷ್ಯನೆಂದು ಸ್ವೀಕರಿಸಿದ ಗೋವಿಂದಭಟ್ಟರ ಕತೆಯನ್ನು ನಾವು ವೇದಿಕೆಯ ಮೇಲೆ ಹೇಳಿ ಚಪ್ಪಾಳೆ ಗಿಟ್ಟಿಸುತ್ತೇವೆ. ಅದನ್ನು ಊಟದ ಸಾಲಿನಲ್ಲಿ ನಡೆಸಿ ತೋರಿಸುವುದು ಬಾಕಿಯಿದೆ. ಗೊಟಗೋಡಿಯ ಮೂರ್ತಿಗಳು ನಮಗೆ ಹಳ್ಳಿಯನ್ನು ಪ್ರೀತಿಯಿಂದ ನೋಡಲು ಕಲಿಸಿವೆ. ಉಣ್ಣಲು ಕರೆಯುವ ಕೆಲಸ ಬದುಕಿರುವವರದು.