ದುಂಬಿ ಬಾರದ ದಾಸವಾಳ: ಫೋಕಸ್ ಸ್ಟ್ಯಾಕಿಂಗ್ ಚಿತ್ರಗಳ ಓದು

ಕಾಸರಗೋಡಿನಿಂದ ಮಾತಾಡ್ತಿದ್ದೇನೆ, ಕನ್ನಡ ಎಂ.ಎ. ಓದ್ತಿದ್ದೇನೆ. ಕಾವ್ಯದ ವರ್ಣನೆಯನ್ನು ಓದುವ ಹಾಗೆ ಹೂವಿನ ಫೋಟೋವನ್ನೂ ಓದಬಹುದೇ ಎಂಬುದು ನನ್ನ ಪ್ರಶ್ನೆ. ನಾನು ಎತ್ತಿಕೊಂಡಿರುವುದು ಈಗ ಎಲ್ಲೆಡೆ ಕಾಣುವ ಒಂದು ಬಗೆ: ಕಪ್ಪು ಹಿನ್ನೆಲೆ, ಒಂದೇ ಬದಿಯ ಬೆಳಕು, ಎಸಳಿನ ತುದಿಯಿಂದ ಬುಡದವರೆಗೂ ಸ್ಪಷ್ಟವಾದ ದಾಸವಾಳ.

ಮೊದಲು ತಂತ್ರ ನೋಡೋಣ. ತೀರಾ ಹತ್ತಿರ ಹೋದಾಗ ಲೆನ್ಸಿಗೆ ಕೆಲವೇ ಮಿಲಿಮೀಟರಿನಷ್ಟು ಆಳ ಸ್ಪಷ್ಟವಾಗಿ ಸಿಗುತ್ತದೆ. ಅಪರ್ಚರ್ ಕಿರಿದಾಗಿಸಿದರೆ ಆಳ ಹೆಚ್ಚುತ್ತದೆ, ಆದರೆ ಒಂದು ಹಂತ ದಾಟಿದರೆ ಬೆಳಕಿನ ವಿವರ್ತನೆಯಿಂದ ಇಡೀ ಚಿತ್ರ ಮಸುಕಾಗುತ್ತದೆ. ಅದಕ್ಕೇ ಫೋಕಸನ್ನು ಚೂರುಚೂರೇ ಸರಿಸುತ್ತಾ ಹತ್ತಾರು ಚಿತ್ರ ತೆಗೆದು, ಸ್ಪಷ್ಟ ಭಾಗಗಳನ್ನಷ್ಟೇ ಸಾಫ್ಟ್‌ವೇರಿನಲ್ಲಿ ಜೋಡಿಸ್ತಾರೆ. ಇನ್ನು ಕಪ್ಪು: ಫ್ಲ್ಯಾಶ್ ಹೂವಿನ ಹತ್ತಿರವಿದ್ದು, ಕ್ಯಾಮೆರಾ ಆ ಬೆಳಕಿಗೆ ಮಾತ್ರ ಹೊಂದಿಕೊಂಡರೆ, ಹಗಲಲ್ಲೂ ಹಿಂದಿನ ತೋಟ ಕತ್ತಲಾಗುತ್ತದೆ.

ಎಲ್ಲವೂ ಸ್ಪಷ್ಟವಾಗಿರಬೇಕೆಂಬ ಆಸೆ ಹೊಸದಲ್ಲ. ಅಮೆರಿಕದ ಇಮೋಜೆನ್ ಕನಿಂಗ್‌ಹ್ಯಾಮ್ 1920ರ ದಶಕದಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಾ ಮನೆಯಂಗಳದ ಗಿಡಗಳನ್ನೇ ಚಿತ್ರಿಸಿದರು. 1932ರಲ್ಲಿ ಅವರೂ ಸೇರಿ ಕಟ್ಟಿದ ಗುಂಪಿನ ಹೆಸರೇ ಎಫ್/64, ಅಂದರೆ ತೀರಾ ಕಿರಿದಾದ ಅಪರ್ಚರ್. ಜರ್ಮನಿಯ ಕಾರ್ಲ್ ಬ್ಲಾಸ್‌ಫೆಲ್ಟ್ ಅವರ 1928ರ ಪುಸ್ತಕದಲ್ಲಿ ಸಸ್ಯಗಳು ಎರಕದ ಕಬ್ಬಿಣದ ಹಾಗೆ ನಿಲ್ಲುತ್ತವೆ. ಅವರು ಆ ಚಿತ್ರಗಳನ್ನು ವಿನ್ಯಾಸದ ಪಾಠಕ್ಕೆ ಬಳಸ್ತಿದ್ದರು. ಖಾಲಿ ಹಿನ್ನೆಲೆಗೆ ಅಲ್ಲಿ ಕಾರಣವಿತ್ತು.

ಸ್ಟ್ಯಾಕಿಂಗಿಗೆ ಹೂವು ಅಲುಗಬಾರದು. ಗಾಳಿ ಬಂದರೆ ಜೋಡಣೆ ಕೆಡುತ್ತದೆ, ಹಾಗಾಗಿ ಎಷ್ಟೋ ಸಲ ಕೊಯ್ದು ಒಳಗೆ ತರ್ತಾರೆ. ಇರುವೆ ಹರಿದರೆ ಒಂದೇ ಇರುವೆ ನಾಲ್ಕು ಕಡೆ ಮೂಡುತ್ತದೆ, ಅದನ್ನು ಅಳಿಸ್ತಾರೆ. ದಾಸವಾಳ ಸಾಮಾನ್ಯವಾಗಿ ಬೆಳಗ್ಗೆ ಅರಳಿ ಸಂಜೆಗೆ ಮುದುಡುವ ಹೂವು. ಚಿತ್ರದಲ್ಲಿ ಅದಕ್ಕೆ ಸಂಜೆಯೇ ಇಲ್ಲ. ಹಳೆಯ ಕಾವ್ಯದ ವನವರ್ಣನೆಯಲ್ಲಿ ಹೂವಿನ ಜೊತೆ ದುಂಬಿ, ತಂಗಾಳಿ ಬರುತ್ತವೆ. ಸವಕಲು ಅಂತ ನಾವು ತರಗತಿಯಲ್ಲಿ ನಗ್ತೇವೆ. ಆದರೆ ಹೂವು ಅರಳುವುದೇ ಇನ್ನೊಬ್ಬರು ಬರಲಿ ಎಂದು, ಅನ್ನುವ ತಿಳುವಳಿಕೆ ಆ ಸವಕಲಿನಲ್ಲೂ ಇದೆ.

ಈ ಚಿತ್ರಗಳನ್ನು ತಳ್ಳಿಹಾಕಬೇಕು ಅಂತಲ್ಲ. ದಾಸವಾಳದ ಕೇಸರದಂಡದ ತುದಿಯ ಐದು ಪುಟ್ಟ ಕೆಂಪು ಗುಂಡುಗಳು, ಅವುಗಳ ಮೇಲಿನ ನವಿರು ರೋಮ, ಪರಾಗದ ಕಣ: ಬರಿಗಣ್ಣು ದಾಟಿ ಹೋಗುವ ಇದನ್ನೆಲ್ಲ ಸ್ಟ್ಯಾಕಿಂಗ್ ಕೊಡುತ್ತದೆ. ನನ್ನ ತಕರಾರು ಕಪ್ಪಿನ ಬಗ್ಗೆ. ನಮ್ಮೂರಲ್ಲಿ ಅದೇ ಹೂವು ಒಂದು ಬೇಲಿಯಲ್ಲಿ ದಾಸವಾಳ, ಪಕ್ಕದ ಬೇಲಿಯಲ್ಲಿ ಚೆಂಬರತ್ತಿ. ಬೇಲಿ ಕತ್ತಲಾದರೆ ಈ ನೆರೆಹೊರೆ ಕಾಣುವುದಿಲ್ಲ.

ಗಡಿನಾಡ ಕನ್ನಡದ ಬಗ್ಗೆ ಬರೆಯುವಾಗಲೂ ಹೀಗಾಗುವುದುಂಟು. 1956ರ ಗಾಯದ ಮೇಲೆ ಒಂದೇ ದಿಕ್ಕಿನ ಬೆಳಕು, ಸುತ್ತಲಿನ ತುಳು, ಮಲಯಾಳ ಎಲ್ಲ ಕಪ್ಪು. ಚಿತ್ರ ಬಹಳ ಸ್ಪಷ್ಟ. ನಾವು ದಿನಾ ಯಾರ ಜೊತೆ ಮಾತಾಡಿ ಬದುಕ್ತೇವೆ ಅನ್ನೋದು ಮಾತ್ರ ಅದರಲ್ಲಿಲ್ಲ.

ಹಾಗಾಗಿ ಇಂಥ ಚಿತ್ರ ಎದುರಾದಾಗ ಎರಡು ಪ್ರಶ್ನೆ ಕೇಳೋಣ: ಏನನ್ನು ಅಲುಗದಂತೆ ನಿಲ್ಲಿಸಿದ್ದಾರೆ? ಯಾರನ್ನು ಅಳಿಸಿದ್ದಾರೆ? ನಮ್ಮ ಸಂಶೋಧನಾ ಪ್ರಬಂಧಗಳಿಗೂ ಇವೇ ಪ್ರಶ್ನೆ ಸಲ್ಲುತ್ತವೆ. ಇಷ್ಟು ಹೇಳಿ ನಿಲ್ಲಿಸ್ತೇನೆ. ನಿಮ್ಮ ಪ್ರತಿಕ್ರಿಯೆಗೆ ಕಾಯ್ತೇನೆ.